ಕುಕ್ಕರು ನುಂಗಿದ ವಿಭಕ್ತಿ

ಅನುಗೊಂಡನಹಳ್ಳಿ ಹೋಬಳಿಯಲ್ಲಿ ಹೆಂಡತಿಯಿಂದ ಬೈಸಿಕೊಳ್ಳದ ಗಂಡ ಇದ್ದಾನೆಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಆದರೆ ಬೇರೆಯವರಿಗೆಲ್ಲ ಆ ಸೇವೆ ಕನ್ನಡದಲ್ಲಿ ನಡೆಯುತ್ತದೆ. ಹೆಂಡತಿ ಗಡಿಯಾಚೆಯವಳಾದರೆ ತೆಲುಗಿನಲ್ಲೋ ತಮಿಳಿನಲ್ಲೋ ನಡೆಯುತ್ತದೆ. ಜಪಾನಿ ಭಾಷೆಯಲ್ಲಿ ಬೈಸಿಕೊಂಡ ಗಂಡ ಇಡೀ ತಾಲ್ಲೂಕಿಗೆ ನಾನೊಬ್ಬನೇ ಇರಬೇಕು. ಅದೂ ನಗುನಗುತ್ತಾ, ನನ್ನ ಹೆತ್ತ ತಾಯಿಯ ಎದುರಿಗೇ, ದಿನಕ್ಕೆ ಹತ್ತು ನಿಮಿಷದಂತೆ ಎಂಟು ತಿಂಗಳು. ಆ ಭಾಷೆಯನ್ನು ನಾನು ಒಂದು ದಿನವೂ ಕಲಿತವನಲ್ಲ. ಕಲಿಯದಿದ್ದರೂ ಅರ್ಥವಾಗುತ್ತಿತ್ತು. ನನ್ನ ಕಷ್ಟವೆಲ್ಲ ಶುರುವಾದದ್ದು ಅಲ್ಲಿಂದಲೇ.

ನಾನು ಹೊಸಕೋಟೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರು. ಹೆಸರು ವಸಂತ್. ಎಂಟನೇ ತರಗತಿಗೆ ವಿಭಕ್ತಿ, ಒಂಬತ್ತಕ್ಕೆ ಸಮಾಸ, ಹತ್ತಕ್ಕೆ ಛಂದಸ್ಸು. ಇಪ್ಪತ್ತೆರಡು ವರ್ಷದಿಂದ ಇದೇ ಮೂರನ್ನು ಸುತ್ತುತ್ತಿದ್ದೇನೆ. ನನ್ನ ಹೆಂಡತಿ ದಿವ್ಯ ಹೆದ್ದಾರಿ ಪಕ್ಕದ ಒಂದು ಜಪಾನಿ ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿ ಕಾರಿನ ಬಾಗಿಲಿಗೆ ಹಾಕುವ ಹಿಡಿ ತಯಾರಾಗುತ್ತದೆ. ಹಿಡಿಯಲ್ಲಿ ಕೂದಲೆಳೆಯಷ್ಟು ಗೀರಿದ್ದರೂ ಕಂಡುಹಿಡಿದು ವಾಪಸು ಕಳಿಸುವುದು ಅವಳ ಕೆಲಸ. (ಆ ದೃಷ್ಟಿಯನ್ನು ಅವಳು ಕಂಪನಿಯಲ್ಲೇ ಬಿಟ್ಟು ಬರುತ್ತಾಳೆಂದು ನೀವು ತಿಳಿದಿದ್ದರೆ ನಿಮಗೆ ಮದುವೆಯಾಗಿಲ್ಲ.) ಮಗಳು ಸಿಂಚನ ತುಮಕೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಮನೆಯಲ್ಲಿ ನಾವಿಬ್ಬರು, ಜೊತೆಗೆ ನನ್ನ ತಾಯಿ ಅಂಜಿನಮ್ಮ.

ಶಿವರಾತ್ರಿ ಕಳೆದ ವಾರ ಕಂಪನಿಯವರು ಒಂದು ಸುತ್ತೋಲೆ ಹೊರಡಿಸಿದರು. ಇಷ್ಟವಿದ್ದವರು ಜಪಾನಿ ಕಲಿಯಬಹುದು, ಪಾಠ ಫೋನಿನಲ್ಲೇ, ಸಂಜೆ ಏಳರಿಂದ ಎಂಟು. ದಿವ್ಯ ಮೊದಲ ದಿನವೇ ಹೆಸರು ಕೊಟ್ಟು ಬಂದಳು. ಸಂಜೆ ಏಳರಿಂದ ಎಂಟು ಎಂದರೆ ನಮ್ಮ ಮನೆಯಲ್ಲಿ ಅಡುಗೆಯ ಹೊತ್ತು. ಹಾಗಾಗಿ ಪಾಠಶಾಲೆ ಅಡುಗೆಮನೆಯಲ್ಲೇ ತೆರೆಯಿತು. ಹುಣಸೆಹಣ್ಣಿನ ಡಬ್ಬಕ್ಕೆ ಫೋನು ಒರಗಿಸಿಟ್ಟರೆ ಅದರೊಳಗಿಂದ ಸೆನ್ಸೇ ಎಂಬ ಒಬ್ಬ ಗುರುಮಾತೆ ಒಂದೊಂದು ವಾಕ್ಯವನ್ನೂ ಮೂರು ಮೂರು ಸಲ ಹೇಳಿಕೊಡುವರು. ದಿವ್ಯ ಒಗ್ಗರಣೆ ಹಾಕುತ್ತಾ ಮೂರು ಸಲ ಹೇಳುವಳು. ತರಕಾರಿ ಹೆಚ್ಚುವ ಖಾತೆ ನನ್ನ ಪಾಲಿಗೆ ಬಂದದ್ದರಿಂದ ನಾನೂ ಅಲ್ಲೇ ಕೂತಿರುತ್ತಿದ್ದೆ. ಹುರುಳಿಕಾಯಿಯ ನಾರು ತೆಗೆಯುವವನಿಗೆ ಕೈಗೆ ಕೆಲಸವುಂಟು, ಬಾಯಿಗೆ ಕೆಲಸವಿಲ್ಲ, ಕಿವಿಯನ್ನು ಮುಚ್ಚಿಕೊಳ್ಳಲು ಆಗುವುದಿಲ್ಲ. ಆರು ಸಲ ಕೇಳಿದ್ದು ಕಲ್ಲಿಗೂ ಹತ್ತುತ್ತದೆ.

ಮೊದಲು ಹತ್ತಿದ್ದು ಒಂದೊಂದೇ ಪದ. ಅವರ ಭಾಷೆಯಲ್ಲಿ 'ಇರು' ಎಂದರೆ ಇರು ಎಂದೇ ಅರ್ಥ. ನನಗೆ ಅಷ್ಟೇ ಸಾಕಾಯಿತು, ನೆಂಟಸ್ತಿಕೆ ಸಿಕ್ಕಂತಾಯಿತು. ಆಮೇಲೆ ಗಮನಿಸಿದರೆ ಕ್ರಿಯಾಪದ ನಮ್ಮ ಹಾಗೆಯೇ ವಾಕ್ಯದ ಕೊನೆಗೆ ಬಂದು ಕೂರುತ್ತದೆ. ನಾವು 'ತಿಂದು ನೋಡು' ಎನ್ನುವ ಹಾಗೆ ಅವರು 'ತಾಬೆತೆ ಮಿರು' ಎನ್ನುತ್ತಾರೆ. ತಾಬೆತೆ ಎಂದರೆ ತಿಂದು, ಮಿರು ಎಂದರೆ ನೋಡು. ಇಂಗ್ಲಿಷಿನವನಿಗೆ ಇದನ್ನು ಹೇಳಿಕೊಡುವಷ್ಟರಲ್ಲಿ ಸಾಕುಸಾಕಾಗುತ್ತದೆ, ನನಗೆ ಹುರುಳಿಕಾಯಿ ಮುಗಿಯುವುದರೊಳಗೆ ಬಂತು. ಗಂಡನಿಗೆ ಅವರಲ್ಲಿ 'ಒತ್ತೊ' ಎಂಬ ಪದವಿದೆ. ಕಾಲು ಚಾಚಿ ಮಲಗಿದ ಹೆಂಡತಿಯೇ ಅದನ್ನು ಹುಟ್ಟಿಸಿರಬೇಕು. ಮರ್ಯಾದೆಯಿಂದ ಹೇಳುವಾಗ 'ಶುಜಿನ್'. ನಮ್ಮ ಯಜಮಾನರು ಎನ್ನುವುದಕ್ಕೆ ಸಮ. 'ಮತ್ತೆ' ಎಂದರೆ ಮಾತ್ರ ಅವರಲ್ಲಿ 'ತಡಿ' ಎಂದರ್ಥ. ಅದು ಗೊತ್ತಿಲ್ಲದ ನಮ್ಮ ಅಮ್ಮ ಫೋನಿನೊಳಗಿನ ಗುರುಮಾತೆ 'ಮತ್ತೆ, ಮತ್ತೆ' ಎಂದಾಗಲೆಲ್ಲ ಸಾರಿಗೆ ಮತ್ತೆ ಉಪ್ಪು ಹಾಕಿ ಎರಡು ದಿನ ನಮ್ಮ ನಾಲಿಗೆ ಕೆಡಿಸಿದಳು.

ನನಗೆ ಮಾತಾಡಲು ಬರುತ್ತಿರಲಿಲ್ಲ. ಅಕ್ಷರವಂತೂ ಒಂದೂ ತಿಳಿಯದು. ಕೋಳಿ ಕೆದರಿದ ಅಂಗಳದಂತೆ ಕಾಣುತ್ತಿತ್ತು. ಕೇಳಿದ್ದು ಮಾತ್ರ ತಿಳಿಯುತ್ತಿತ್ತು. ಹೇಳುವುದು ಹೆಂಡತಿ, ಕೇಳುವುದು ಗಂಡ ಎಂಬ ಗೃಹಸ್ಥಧರ್ಮ ಭಾಷೆ ಬದಲಾದರೂ ಬದಲಾಗಲಿಲ್ಲವೆಂದು ನಾನು ಇದನ್ನು ಯಾರಿಗೂ ಹೇಳದೆ ಸುಮ್ಮನಿದ್ದೆ.

ಏಪ್ರಿಲಿನಲ್ಲಿ ಗುರುಮಾತೆ ಹೊಸದೊಂದು ಮನೆಗೆಲಸ ಕೊಟ್ಟರು. ದಿನಾ ಹತ್ತು ನಿಮಿಷ ತಮ್ಮ ಮನೆಯ ಬಗ್ಗೆ ಜಪಾನಿಯಲ್ಲಿ ಮಾತಾಡಿ, ಅದನ್ನು ಫೋನಿನಲ್ಲಿ ಹಿಡಿದು ಅವರಿಗೆ ಕಳಿಸಬೇಕು. ದಿವ್ಯ ಮೊದಲ ದಿನ ಮನೆಗೆ ಎಷ್ಟು ಕಿಟಕಿ, ಅಂಗಳದಲ್ಲಿ ಎಷ್ಟು ಗಿಡ ಎಂದು ಹೇಳಿದಳು. ಎರಡನೆಯ ದಿನಕ್ಕೆ ಕಿಟಕಿ ಗಿಡ ಮುಗಿದುಹೋದವು. ಮೂರನೆಯ ದಿನ ಅವಳ ಕಣ್ಣು ಮನೆಯಲ್ಲಿ ಉಳಿದಿದ್ದ ವಸ್ತುಗಳ ಮೇಲೆಲ್ಲ ಹರಿದು ಕೊನೆಗೆ ನನ್ನ ಮೇಲೆ ಬಂದು ನಿಂತಿತು.

"ಶುಜಿನ್ ವಾ ನಾನಿಮೊ ಶಿಮಾಸೆನ್" ಎಂದಳು.

ಯಜಮಾನರು ಏನೂ ಮಾಡುವುದಿಲ್ಲ ಎಂದು ಅದರ ಅರ್ಥ. ನಾನು ಆಗ ಅವಳಿಗಾಗಿ ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಏನೂ ಮಾಡದವನ ಮುಂದೆ ಅಂಗೈಯಗಲದ ಸಿಪ್ಪೆಯ ರಾಶಿ ಬಿದ್ದಿತ್ತು. ಅಮ್ಮ ಕುತೂಹಲದಿಂದ ಏನಮ್ಮಾ ಅದು ಎಂದು ಕೇಳಿದಳು. ದಿವ್ಯ ಕಣ್ಣು ಕೂಡ ಮಿಟುಕಿಸದೆ, ನಿಮ್ಮ ಮಗ ಮನೆಗೆಲಸದಲ್ಲಿ ಎಷ್ಟು ಸಹಾಯ ಮಾಡ್ತಾರೆ ಅಂತ ಹೇಳ್ತಿದ್ದೀನಿ ಅತ್ತೆ ಎಂದಳು. ಅಮ್ಮನ ಮುಖ ಅರಳಿತು. ನಾನೂ ಅರಳಿಸಬೇಕಾಯಿತು.

ಅಂದಿನಿಂದ ದಿನಕ್ಕೆ ಹತ್ತು ನಿಮಿಷ ನನ್ನ ಜೀವನಚರಿತ್ರೆ ಜಪಾನಿಯಲ್ಲಿ ರಚನೆಯಾಗತೊಡಗಿತು. ಒದ್ದೆ ಟವೆಲನ್ನು ಮಂಚದ ಮೇಲೆ ಹಾಕುವುದು, ಒಂದು ಕೆಲಸಕ್ಕೆ ಕಳಿಸಿದರೆ ಹೊಸಕೋಟೆ ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಜನರ ಜೊತೆ ಹರಟಿ ಬರಿಗೈಯಲ್ಲಿ ಬರುವುದು, ಮದುವೆಯಲ್ಲಿ ಮಾತು ಕೊಟ್ಟಿದ್ದ ಮೈಸೂರು ಪ್ರವಾಸ ಇನ್ನೂ ಹೊರಡದೆ ಇರುವುದು. ಹೇಳುವ ಧ್ವನಿ ಮಾತ್ರ ಲಲಿತಾ ಸಹಸ್ರನಾಮ ಓದುವ ಹಾಗೆ. ಅಮ್ಮ ಕೈಮುಗಿಯುವುದೊಂದು ಬಾಕಿ. ಗುರುಮಾತೆಯೂ ನನ್ನ ಕಥೆಯಲ್ಲಿ ಆಸಕ್ತಿ ತಳೆದರು. ವಾಕ್ಯ ತಿದ್ದಿದ ಮೇಲೆ ಅವರೂ ಒಂದು ಮಾತು ಸೇರಿಸಿ ಕಳಿಸುವರು. ಒಮ್ಮೆ, 'ಸೋಮಾರಿ' ಎನ್ನುವುದಕ್ಕೆ ದಿವ್ಯ ಬಳಸಿದ ಪದ ಮೆದುವಾಯಿತು, ಇನ್ನೂ ಖಡಕ್ಕಾದದ್ದು ಇದೆ ಎಂದು ಹೇಳಿಕೊಟ್ಟರು. ನಾನು ಆ ಹೊಸ ಪದವನ್ನೂ ಕಲಿತೆ.

ಇದನ್ನೆಲ್ಲ ಕೇಳಿಯೂ ಯಾಕೆ ಸುಮ್ಮನಿದ್ದಿರಿ ಎಂದು ನೀವು ಕೇಳಬಹುದು. ನನಗೆ ಅದರಲ್ಲಿ ಒಂದು ಮೋಜು ಸಿಕ್ಕಿತ್ತು. ಒದ್ದೆ ಟವೆಲಿನ ಮಾತು ಬಂದ ಮಾರನೆಯ ದಿನ ನಾನು ಟವೆಲನ್ನು ತಂತಿಗೆ ಹಾಕಿದೆ. ಅತ್ತೆಯ ಟೀವಿ ಸದ್ದಿಗೆ ತಲೆ ಸಿಡಿಯುತ್ತದೆ ಎಂದಳು. ನಾನು ಯಾವುದೋ ನೆಪ ಹೇಳಿ ಸದ್ದು ಇಳಿಸಿದೆ. ಮಲ್ಲಿಗೆ ಹೂವು ಕಂಡು ಎಷ್ಟು ದಿನವಾಯಿತೋ ಎಂದಳು. ಸಂಜೆ ಎರಡು ಮೊಳ ತಂದೆ. ದಿವ್ಯ ಬೆರಗಾಗಿ ಹೂವನ್ನೂ ನನ್ನನ್ನೂ ತಿರುಗಿಸಿ ತಿರುಗಿಸಿ ನೋಡಿದಳು. ಗೀರು ಕಾಣಲಿಲ್ಲ. ಜಪಾನಿಯಲ್ಲಿ ಬೇಡಿದ್ದೆಲ್ಲ ಆಗ್ತಿದೆ, ಇದು ಮುನೇಶ್ವರನದೇ ದಯೆ ಎಂದು ಒಂದು ಭಾನುವಾರ ನನ್ನನ್ನೇ ಕರೆದುಕೊಂಡು ಹೋಗಿ ಗುಡಿಯಲ್ಲಿ ಕಾಯಿ ಒಡೆಸಿದಳು. ನನ್ನ ಮಹಿಮೆಗೆ ನಾನೇ ಕಾಯಿ ಒಡೆದು, ನಾನೇ ಚೂರು ಹಂಚಿದೆ. ದೇವರಾಗಿರುವುದು ಸುಖವಾಗಿಯೇ ಇತ್ತು. ಸುಲಭದ ವರಗಳನ್ನು ಮಾತ್ರ ಕೊಡುತ್ತಿದ್ದೆ. ಮೈಸೂರು ಪ್ರವಾಸ, ಅಡುಗೆಮನೆಗೆ ಹೊಸ ಟೈಲ್ಸು ಇಂಥ ಕೋರಿಕೆಗಳು ಬಂದಾಗ ದೇವರು ಬೆಳ್ಳುಳ್ಳಿಯಲ್ಲಿ ತಲ್ಲೀನನಾಗಿರುತ್ತಿದ್ದ.

ಗಣೇಶನ ಹಬ್ಬ ಕಳೆದು ಒಂದು ವಾರವಾಗಿತ್ತು. ಒಲೆಯ ಮೇಲೆ ಬೇಳೆ ಇತ್ತು. ದಿವ್ಯ ಫೋನು ಹಿಡಿದು, ಎಂದಿನ ನಗು ಇಲ್ಲದೆ, ನಿಧಾನವಾಗಿ ಮಾತಾಡತೊಡಗಿದಳು. ನಾಗೊಯಾ ಎಂಬ ಊರಿನ ಹೆಸರು ಬಂತು. ಮೂರು ತಿಂಗಳು ಎಂದು ಬಂತು. ಹೋಗಬೇಕು ಅಂತ ತುಂಬಾ ಆಸೆ ಎಂದು ಬಂತು. ನನ್ನ ಕೈ ನಿಂತಿತು. ಆಮೇಲೆ ಅವಳು, "ಶುಜಿನ್" ಎಂದಳು, ಅಷ್ಟರಲ್ಲಿ ಕುಕ್ಕರು ಕೂಗಿತು, ಕೂಗು ಅಡಗಿದಾಗ "ವಾ ಮಾದಾ ಇತ್ತೆಮಾಸೆನ್" ಎಂದು ಕೇಳಿಸಿತು. ಕೊನೆಗೆ "ಶಿನ್ಪಾಯ್" ಎಂದು ನಿಟ್ಟುಸಿರು ಬಿಟ್ಟಳು. ಶಿನ್ಪಾಯ್ ಎಂದರೆ ಚಿಂತೆ.

ನಾನು ಮನಸ್ಸಿನಲ್ಲೇ ಅನ್ವಯ ಮಾಡಿದೆ. ಕಂಪನಿಯವರು ಅವಳನ್ನು ಮೂರು ತಿಂಗಳು ಜಪಾನಿಗೆ ಕಳಿಸುತ್ತಿದ್ದಾರೆ. ಅವಳಿಗೆ ಆಸೆ ಇದೆ. 'ಯಜಮಾನರು ಇನ್ನೂ ಹೇಳಿಲ್ಲ.' ಅದೇ ಚಿಂತೆ. ಯಾರಿಗೆ ಹೇಳಿಲ್ಲ? ಇನ್ಯಾರಿಗೆ, ನನ್ನ ತಾಯಿಗೆ. ಹದಿನೈದು ವರ್ಷದ ಹಿಂದೆ ದಿವ್ಯ ಕೆಲಸಕ್ಕೆ ಸೇರುತ್ತೇನೆಂದಾಗ ಅಮ್ಮ ಮೂರು ದಿನ ಮುದ್ದೆ ಮುಟ್ಟಿರಲಿಲ್ಲ. (ಅನ್ನ ತಿಂದಿದ್ದಳು.) ಈಗ ವಿಮಾನ ಹತ್ತುತ್ತೇನೆಂದು ಅತ್ತೆಯ ಮುಂದೆ ಹೇಳುವ ಧೈರ್ಯ ಅವಳಿಗೆಲ್ಲಿಂದ ಬರಬೇಕು? ಗಂಡನೇ ನನ್ನ ಮನಸ್ಸು ಅರಿತು ಹೇಳಲಿ ಎಂದು ಕಾಯುತ್ತಿದ್ದಾಳೆ ಎಂದುಕೊಂಡೆ. ಪ್ರತಿ ವಾರವೂ ಆ ವಾಕ್ಯ ಒಂದೆರಡು ಸಲ ಬರುತ್ತಿತ್ತು. ಆಮೇಲೆ ಕುಕ್ಕರು ಕೂಗಿರಲಿಲ್ಲ. ಆದರೂ ನಾನು ಮೊದಲ ದಿನ ಕೇಳಿದಂತೆಯೇ ಕೇಳುತ್ತಾ ಹೋದೆ.

ಮೂರು ತಿಂಗಳು ನಾನು ಪಟ್ಟ ಪಾಡನ್ನು ಮುನೇಶ್ವರನೇ ಬಲ್ಲ. ಅಮ್ಮನಿಗೆ ಹೇಳಲೇಬೇಕೆಂದು ಗಟ್ಟಿ ಮನಸ್ಸು ಮಾಡಿ ಅವಳ ಮುಂದೆ ಹೋಗಿ ನಿಲ್ಲುವೆ. ಅಮ್ಮ ಏನಪ್ಪಾ ಎನ್ನುವಳು. ಬೀಪಿ ಮಾತ್ರೆ ತಗೊಂಡ್ಯಾ ಎಂದು ಕೇಳಿ ವಾಪಸು ಬರುವೆ. ಒಂದೇ ಮಧ್ಯಾಹ್ನ ಮೂರು ಸಲ ಹೀಗೆ ಕೇಳಿದಾಗ ಅಮ್ಮ ಗಾಬರಿಯಾಗಿ ದಿವ್ಯಳ ಹತ್ತಿರ ಹೋಗಿ, ಡಾಕ್ಟರು ಇವನ ಹತ್ತಿರ ನನ್ನ ವಿಷಯ ಏನಾದರೂ ಮುಚ್ಚಿಟ್ಟು ಹೇಳಿದ್ದಾರಾ ಎಂದು ವಿಚಾರಿಸಿದಳಂತೆ. ಅತ್ತ ದಿವ್ಯ ದಿನದಿಂದ ದಿನಕ್ಕೆ ಶಿನ್ಪಾಯ್ ಆಗುತ್ತಿದ್ದಳು. ನನಗೆ ನಾಚಿಕೆಯಾಗುತ್ತಿತ್ತು. ಇನ್ನೊಂದು ವಿಷಯವೂ ಇತ್ತು, ಹೇಳಿಬಿಡುತ್ತೇನೆ: ಅವಳು ಮೂರು ತಿಂಗಳು ಇರುವುದಿಲ್ಲವೆಂದು ನೆನೆದಾಗಲೆಲ್ಲ ನನಗೆ ಈರುಳ್ಳಿ ಇಲ್ಲದೆಯೇ ಕಣ್ಣು ಉರಿಯುತ್ತಿತ್ತು.

ಡಿಸೆಂಬರಿನಲ್ಲಿ, ಅವರೆಕಾಯಿ ಸೊಗಡು ಊರು ತುಂಬಿದ್ದ ಹೊತ್ತಿನಲ್ಲಿ, ದಿವ್ಯ ತನ್ನ ಕಂಪನಿಯ ದೊಡ್ಡವರು ಭಾನುವಾರ ಊಟಕ್ಕೆ ಬರುತ್ತಾರೆ ಎಂದಳು. ಕವಾಗುಚಿ ಎಂದು ಹೆಸರು. ಅವರೆಕಾಳು ಸಾರು ತಿನ್ನಬೇಕಂತೆ, ಅಷ್ಟೇ, ಇನ್ನೇನೂ ವಿಶೇಷ ಇಲ್ಲ ಎಂದು ಕೇಳದಿದ್ದರೂ ಎರಡು ಸಲ ಹೇಳಿದಳು. ನಾನು ಮತ್ತು ಅಮ್ಮ ಶನಿವಾರವಿಡೀ ಕೂತು ಮೂರು ಸೇರು ಕಾಳು ಹಿಸುಕಿದೆವು.

ಕವಾಗುಚಿಯವರು ಅರವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ. ಬಾಗಿಲಲ್ಲೇ ಬೂಟು ಬಿಚ್ಚಿ, ನಮ್ಮಮ್ಮನಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿದರು. ನೂರು ವರ್ಷ ಚೆನ್ನಾಗಿರಪ್ಪ ಎಂದು ಅಮ್ಮ ತಲೆ ಮುಟ್ಟಿದಳು. ಅವರಿಗೆ ಇಂಗ್ಲಿಷು ಅಷ್ಟಕ್ಕಷ್ಟೆ, ಆಡಿದ್ದೆಲ್ಲ ಜಪಾನಿಯೇ. ಆಚೆ ಈಚೆ ಮಾತು ದಾಟಿಸುವ ಕೆಲಸ ದಿವ್ಯಳದು. ಮುದ್ದೆಯನ್ನು ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು ಎಂದು ಅಮ್ಮ ಮಾಡಿ ತೋರಿಸಿದಳು. ಅವರು ಕಣ್ಣು ಮುಚ್ಚಿ ಮೊದಲ ತುತ್ತು ನುಂಗಿದರು. ಎರಡನೆಯದನ್ನು ಕಣ್ಣು ತೆರೆದೇ ನುಂಗಿದರು. ಮೂರನೆಯದಕ್ಕೆ ಅಮ್ಮ ಅವರನ್ನು ನಮ್ಮೋನೇ ಎಂದುಬಿಟ್ಟಳು.

ಊಟ ಅರ್ಧಕ್ಕೆ ಬಂದಾಗ ಕವಾಗುಚಿಯವರು ಕೈ ಒರೆಸಿಕೊಂಡು ನೆಟ್ಟಗೆ ಕೂತರು. ಅಮ್ಮನ ಕಡೆಗೂ ನನ್ನ ಕಡೆಗೂ ತಿರುಗಿ ಗಂಭೀರವಾಗಿ ಒಂದು ದೀರ್ಘ ವಾಕ್ಯ ಹೇಳಿದರು. ನನಗೆ ಎಲ್ಲ ಪದವೂ ತಿಳಿಯಲಿಲ್ಲ, ಆದರೆ ಬೇಕಾದಷ್ಟು ತಿಳಿಯಿತು. ಜನವರಿಯಿಂದ ಮೂರು ತಿಂಗಳು ದಿವ್ಯ ಅವರನ್ನು ನಾಗೊಯಾಕ್ಕೆ ಕಳಿಸಬೇಕೆಂದಿದ್ದೇವೆ, ಮನೆಯವರ ಒಪ್ಪಿಗೆ ಕೇಳಲು ಬಂದಿದ್ದೇನೆ, ದಯವಿಟ್ಟು ಒಪ್ಪಬೇಕು ಎಂದರು.

ದಿವ್ಯ ಅಮ್ಮನ ಕಡೆ ತಿರುಗಿ, ಸಾರು ಬಹಳ ಚೆನ್ನಾಗಿದೆ ಅಂತಿದ್ದಾರೆ ಎಂದಳು.

ನಾನು ಬಾಯಲ್ಲಿದ್ದ ಮುದ್ದೆಯನ್ನು ಅಗಿದುಬಿಟ್ಟೆ. ಸೊಗಡಿನ ಕಾಯಿ ಅಲ್ಲವಾ, ಚೆನ್ನಾಗಿರದೆ ಏನು, ಇನ್ನೊಂದು ಸೌಟು ಹಾಕಮ್ಮ ಎಂದಳು ಅಮ್ಮ. ದಿವ್ಯ ಸೌಟು ಹಾಕುತ್ತಾ ಕವಾಗುಚಿಯವರಿಗೆ, "ಹಾಹಾ ವಾ ಈ ತೊ ಇತ್ತೆಮಾಸು" ಎಂದಳು. ಹಾಹಾ ಎಂದರೆ ನಗುವಲ್ಲ, ಅಮ್ಮ. ಅಮ್ಮ ಆಗಲಿ ಅಂತಿದ್ದಾರೆ ಎಂದು ಅದರ ಅರ್ಥ. ಕವಾಗುಚಿಯವರು ಸಂತೋಷದಿಂದ ಅಮ್ಮನಿಗೆ ಇನ್ನೊಮ್ಮೆ ತಲೆ ಬಾಗಿಸಿದರು. ಸಾರಿಗೆ ಇಷ್ಟು ಮರ್ಯಾದೆ ಕೊಡುವ ಜನವನ್ನು ನೋಡಿಲ್ಲ ಎಂಬಂತೆ ಅಮ್ಮ ನಕ್ಕಳು.

ನನ್ನ ಹೆಂಡತಿಯ ಧೈರ್ಯಕ್ಕೆ ಬೆರಗಾಗಬೇಕೋ ಅವಳ ಅಸಹಾಯಕತೆಗೆ ಮರುಗಬೇಕೋ ತಿಳಿಯಲಿಲ್ಲ. ಅತ್ತೆಯ ಒಪ್ಪಿಗೆಯನ್ನು ಒಂದು ಸೌಟು ಸಾರಿನಲ್ಲಿ ಕದಿಯಬೇಕಾದ ಸ್ಥಿತಿಗೆ ಅವಳನ್ನು ತಂದವನು ಯಾರು? ಮೂರು ತಿಂಗಳಿಂದ ಬಾಯಿ ಬಿಡದ ಹೇಡಿ ನಾನು. ಅಷ್ಟರಲ್ಲಿ ಕವಾಗುಚಿಯವರು ನನ್ನತ್ತ ತಿರುಗಿ, ಯಜಮಾನರಿಗೂ ಒಪ್ಪಿಗೆಯೇ ಎಂದು ಕೇಳಿದರು. ದಿವ್ಯ ಅದನ್ನು, ನಿಮಗೆ ಖಾರ ಆಗಲಿಲ್ಲವಾ ಅಂತ ಕೇಳ್ತಿದ್ದಾರೆ ರೀ ಎಂದು ಕನ್ನಡಿಸಿದಳು. ಹೇಳುತ್ತಾ ಖಾಲಿ ಸೌಟನ್ನೇ ನನ್ನ ತಟ್ಟೆಗೆ ಬಗ್ಗಿಸಿದಳು.

ಆ ಖಾಲಿ ಸೌಟು ನೋಡಿ ನನ್ನೊಳಗಿನ ಪೌರುಷ ಎಚ್ಚರವಾಯಿತು. ಎಂಜಲು ಕೈಯಲ್ಲೇ ಎದ್ದು ನಿಂತೆ.

"ಅಮ್ಮಾ, ಅವರು ಕೇಳ್ತಿರೋದು ಖಾರದ ಮಾತಲ್ಲ. ದಿವ್ಯನ್ನ ಮೂರು ತಿಂಗಳು ಜಪಾನಿಗೆ ಕಳಿಸ್ತಾರಂತೆ. ಅದಕ್ಕೆ ಒಪ್ಪಿಗೆ ಕೇಳ್ತಿದ್ದಾರೆ. ಅವಳು ನಿನಗೆ ಹೆದರಿ ಹೇಳಿಲ್ಲ. ನೀನು ಬೇಡ ಅಂದ್ರೂ ನಾನು ಕೇಳಲ್ಲ. ಅವಳು ಹೋಗ್ಲೇಬೇಕು."

ಹುಟ್ಟಿದಾರಭ್ಯ ತಾಯಿಯ ಮುಂದೆ ಅಷ್ಟು ಗಟ್ಟಿಯಾಗಿ ಮಾತಾಡಿದವನಲ್ಲ. ದಿವ್ಯ ಸೌಟು ಹಿಡಿದು ಕಲ್ಲಾಗಿ ನಿಂತಿದ್ದಳು. ಅಮ್ಮ ಮಾತ್ರ ಉಳಿದಿದ್ದ ತುತ್ತನ್ನು ಸಾವಕಾಶವಾಗಿ ನುಂಗಿ, ನೀರು ಕುಡಿದು, ನನ್ನನ್ನು ನೋಡಿದಳು.

"ನಾನ್ಯಾಕೆ ಬೇಡ ಅನ್ಲಿ? ಗೌರಿ ಹಬ್ಬದ ದಿನವೇ ನಂಗೆ ಹೇಳವ್ಳೆ. ಚಳಿ ಜಾಸ್ತಿಯಂತೆ ಅಂತ ಸ್ವೆಟರೂ ತಂದಿಟ್ಟಿದ್ದೀವಿ. ನಿಂಗೆ ಹೇಳ್ದೋರು ಯಾರು?"

ನಾನು ಕೂತೆ. ಕುರ್ಚಿ ಅಲ್ಲೇ ಇದ್ದದ್ದು ಪುಣ್ಯ.

ವಿಷಯ ಹೊರಬಂದದ್ದು ಹೀಗೆ. ಅತ್ತೆಗೆ ಮೊದಲ ದಿನವೇ ಗೊತ್ತು. ತುಮಕೂರಿನಲ್ಲಿದ್ದ ಸಿಂಚನಳಿಗೆ ಗೊತ್ತು. ಬೆಳಿಗ್ಗೆ ಹಾಲು ಅಳೆಯುವ ಮುನಿವೆಂಕಟಮ್ಮನಿಗೂ ಗೊತ್ತು. ಬೀಪಿ ಮಾತ್ರೆಯ ದಿನದಿಂದ ಅಮ್ಮ ನನ್ನ ಮುಖ ನೋಡಿ ನೋಡಿ, ಇವನಿಗೇನಾದರೂ ಸುಳಿವು ಸಿಕ್ಕಿತೇ ಎಂದು ಸೊಸೆಯೊಂದಿಗೆ ಗುಟ್ಟಾಗಿ ಚರ್ಚಿಸುತ್ತಿದ್ದಳಂತೆ. ಸಾರಿನ ನಾಟಕ ಅತ್ತೆ ಸೊಸೆ ಇಬ್ಬರೂ ಮುಂಚೆಯೇ ಕೂತು ಕಟ್ಟಿದ್ದು. ಅದರ ಪ್ರೇಕ್ಷಕ ನಾನೊಬ್ಬನೇ.

ದಿವ್ಯ ಸೌಟು ಕೆಳಗಿಟ್ಟು ಮೆಲ್ಲಗೆ ಕೇಳಿದಳು, ನಿಮಗೆ ಹೇಗೆ ಗೊತ್ತಾಯಿತು ಎಂದು. ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ನೀನೇ ಹೇಳಿದ್ದು, ಶುಜಿನ್ ವಾ ಮಾದಾ ಇತ್ತೆಮಾಸೆನ್, ಯಜಮಾನರು ಇನ್ನೂ ಹೇಳಿಲ್ಲ ಅಂತ, ವಾರಕ್ಕೆರಡು ಸಲ ಹೇಳ್ತಿದ್ದೆ ಎಂದೆ.

ಅವಳು ಹಣೆ ಚಚ್ಚಿಕೊಂಡಳು. "ಶುಜಿನ್ 'ನಿ' ವಾ ಕಣ್ರೀ. ಯಜಮಾನರಿಗೆ ಇನ್ನೂ ಹೇಳಿಲ್ಲ ಅಂತ."

'ನಿ' ಎಂದರೆ ಅವರಲ್ಲಿ 'ಗೆ'. ಚತುರ್ಥೀ ವಿಭಕ್ತಿ. ಇಪ್ಪತ್ತೆರಡು ವರ್ಷದಿಂದ ಎಂಟನೇ ತರಗತಿಗೆ ನಾನು ಕೋಲು ಹಿಡಿದು ಹೇಳಿಕೊಡುತ್ತಿರುವ ವಿಭಕ್ತಿ. ಒಂದು ಪ್ರತ್ಯಯ ಬಿಟ್ಟರೆ ಅರ್ಥ ಅನರ್ಥವಾಗುತ್ತದೆ ಎಂದು ಹಲಗೆಯ ಮೇಲೆ ಬರೆದು ಕೆಳಗೆ ಗೆರೆ ಎಳೆಯುವವನು ನಾನೇ. ಅದನ್ನು ಒಂದು ಕುಕ್ಕರು ನುಂಗಿತ್ತು, ನಾನು ಅದರ ಮೇಲೆ ಮೂರು ತಿಂಗಳ ದುಃಖವನ್ನು ಕಟ್ಟಿದ್ದೆ.

ಮನೆಮಂದಿಗೆಲ್ಲ ಹೇಳಿ ನನಗೊಬ್ಬನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಧ್ವನಿ ನಾನು ಬಯಸಿದ್ದಕ್ಕಿಂತ ಸಣ್ಣದಾಗಿ ಬಂತು. ದಿವ್ಯ ಅಮ್ಮನ ಮುಖ ನೋಡಿದಳು. ಹೇಳೇ, ಹೇಳು ಎಂದಳು ಅಮ್ಮ.

"ಹೋದ ವರ್ಷ ಚೆನ್ನೈಗೆ ನಾಲ್ಕು ದಿನ ಟ್ರೈನಿಂಗಿಗೆ ಹೋಗಿದ್ದೆ. ಬೇಡ ಅಂತ ನೀವು ಅನ್ಲಿಲ್ಲ. ಮುಖ ಸಣ್ಣ ಮಾಡ್ಕೊಂಡು ಗೇಟ್ ಹತ್ರ ನಿಂತಿದ್ರಿ, ಅಷ್ಟೇ. ನಂಗೆ ಅಲ್ಲಿ ಒಂದು ಅಕ್ಷರ ತಲೆಗೆ ಹೋಗ್ಲಿಲ್ಲ. ಮೂರು ತಿಂಗಳು ಮುಂಚೆ ಹೇಳಿದ್ರೆ ಮೂರು ತಿಂಗಳೂ ಆ ಮುಖ ನೋಡ್ಬೇಕಿತ್ತು. ನೋಡ್ಕೊಂಡು ನಾನು ಹೋಗೋಕಾಗ್ತಿರ್ಲಿಲ್ಲ ರೀ."

ಕವಾಗುಚಿಯವರು ಇಷ್ಟು ಹೊತ್ತೂ ತಮ್ಮಿಂದ ಏನು ಅಪಚಾರವಾಯಿತೋ ಎಂದು ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದರು. ದಿವ್ಯ ಅವರಿಗೆ ಜಪಾನಿಯಲ್ಲಿ ಎಲ್ಲವನ್ನೂ ವಿವರಿಸಿದಳು. ಈ ಸಲ 'ನಿ'ಯನ್ನು ಒತ್ತಿ ಒತ್ತಿ ಹೇಳಿದಳು. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವವರೆಗೆ ನಕ್ಕರು. ಆಮೇಲೆ ನನ್ನ ಭುಜ ತಟ್ಟಿ, ನಿಮ್ಮ ಕಿವಿ ಒಳ್ಳೆಯದು ಎಂದರು. ಪೂರ್ತಿ ಒಳ್ಳೆಯದು ಎನ್ನಲಿಲ್ಲ. ನನ್ನ ಒಪ್ಪಿಗೆಯೂ ಸಿಕ್ಕಿತೆಂದು ತಿಳಿದು, ಇನ್ನರ್ಧ ಮುದ್ದೆ ಮುಗಿಸಿ, ಬೂಟು ಹಾಕಿಕೊಂಡು ಹೊರಟರು.

ಅವರ ಕಾರು ತಿರುವು ದಾಟಿದ ಮೇಲೆ ಮೂವರೂ ಹಜಾರದಲ್ಲಿ ಕೂತೆವು. ದಿವ್ಯ ಕೆನ್ನೆಗೆ ಕೈಯಿಟ್ಟು ಯೋಚಿಸುತ್ತಿದ್ದಳು. ಎಂಟು ತಿಂಗಳಲ್ಲಿ ತಾನು ಏನೇನು ಹೇಳಿದ್ದೆ ಎಂದು ಲೆಕ್ಕ ಹಾಕುತ್ತಿದ್ದಾಳೆಂದು ನನಗೆ ಗೊತ್ತಾಯಿತು. ನಾಚಿಕೊಳ್ಳುತ್ತಾಳೆ, ಕ್ಷಮೆ ಕೇಳುತ್ತಾಳೆ, ನಾನು ಪರವಾಗಿಲ್ಲ ಬಿಡು ಎನ್ನಬೇಕು ಎಂದು ಸಿದ್ಧವಾಗಿದ್ದೆ. ಅವಳು ತಲೆಯೆತ್ತಿ, ಅಂದರೆ ಮೈಸೂರಿನ ಮಾತೂ ನಿಮಗೆ ಅರ್ಥವಾಗಿತ್ತು, ಅಡುಗೆಮನೆ ಟೈಲ್ಸೂ ಅರ್ಥವಾಗಿತ್ತು ಎಂದಳು. ಪ್ರಶ್ನೆಯಾಗಿರಲಿಲ್ಲ ಅದು, ತೀರ್ಪಾಗಿತ್ತು. ನಾನು ತಡವರಿಸುತ್ತಾ, ಅಷ್ಟೆಲ್ಲ ಎಲ್ಲಿ, ಏನೋ ಒಂದೊಂದು ಪದ ಎಂದೆ.

ಅಲ್ಲಿಗೇ ಬಿಟ್ಟಿದ್ದರೆ ಬಚಾವಾಗುತ್ತಿದ್ದೆ. ಆದರೆ ಅಮ್ಮ ಬಾಯಿ ಹಾಕಿದಳು.

"ಅವ್ನಿಗೆಲ್ಲಿ ಬರ್ತದೆ ಬಿಡಮ್ಮ. ಹದಿಮೂರರ ಮಗ್ಗಿ ಹೇಳ್ಕೊಡೋಕೆ ನಾನು ಎರಡು ವರ್ಷ ಒದ್ದಾಡಿದ್ದೀನಿ. ಏನೋ ಕುರುಡು ಕಲ್ಲು ಬಿದ್ದಿರ್ಬೇಕು."

ಏನು ಅನ್ನಿಸಿಕೊಂಡರೂ ಮೇಷ್ಟ್ರು ಸಹಿಸಿಕೊಳ್ಳುತ್ತಾನೆ, ಬರುವುದಿಲ್ಲ ಅನ್ನಿಸಿಕೊಂಡರೆ ಸಹಿಸುವುದಿಲ್ಲ. ನಾನು ನೆಟ್ಟಗೆ ಕೂತು, ಜಪಾನಿಯಲ್ಲಿ ಏನು ಬೇಕಾದರೂ ಕೇಳು, ಕನ್ನಡದಲ್ಲಿ ಹೇಳುತ್ತೇನೆ ಎಂದು ಸವಾಲು ಹಾಕಿದೆ. ದಿವ್ಯ ಒಂದು ಕ್ಷಣ ನನ್ನನ್ನು ನೋಡಿದಳು. ಬಾಗಿಲ ಹಿಡಿಯಲ್ಲಿ ಗೀರು ಸಿಕ್ಕಾಗ ಹಾಗೆ ನೋಡುತ್ತಾಳೋ ಏನೋ. ಎದ್ದು ಹೋಗಿ ಹಾಳೆ, ಪೆನ್ನು ತಂದಳು. ತಪ್ಪು ಸರಿ ಬರೆದುಕೊಳ್ಳಲು ಇರಬೇಕೆಂದುಕೊಂಡೆ.

ಮೊದಲನೆಯ ವಾಕ್ಯ ಸುಲಭದ್ದು. ದಿನಾ ಬೆಳಿಗ್ಗೆ ಆರಕ್ಕೆ ಹಾಲು ತರಬೇಕು ಎಂದೆ. ಎರಡನೆಯದು, ಪ್ರತಿ ಮಂಗಳವಾರ ಅಮ್ಮನನ್ನು ಹೊಸಕೋಟೆಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ಮಂಡಿ ತೋರಿಸಿಕೊಂಡು ಬರಬೇಕು. ಇದರಲ್ಲಿ 'ಕೊಂಡು' ಎನ್ನುವುದು ಅವರಲ್ಲೂ ನಮ್ಮಲ್ಲೂ ಒಂದೇ ಜಾಗದಲ್ಲಿ ಬರುತ್ತದೆ ನೋಡು ಎಂದು ವ್ಯಾಖ್ಯಾನವನ್ನೂ ಮಾಡಿದೆ. ದಿವ್ಯ ತಲೆಯಾಡಿಸುತ್ತಾ ಬರೆದುಕೊಂಡಳು. ಅಟ್ಟದ ಮೇಲಿನ ಪಾತ್ರೆ ಇಳಿಸಿ ತೊಳೆಯಬೇಕು. ಸರಿ. ಶನಿವಾರ ಫ್ರಿಜ್ಜು ಒರೆಸಬೇಕು. ಸರಿ. ತಿಂಗಳಿಗೊಮ್ಮೆ ಸಿಂಚನಳ ಹಾಸ್ಟೆಲಿಗೆ ಚಕ್ಕುಲಿ ಮಾಡಿಸಿಕೊಂಡು ಹೋಗಬೇಕು, ಅಂಗಡಿಯದು ಕೂಡದು. ಇದು ಕಠಿಣ ವಾಕ್ಯ, ಮಧ್ಯದಲ್ಲಿ ಒಂದು ನಿಷೇಧವಿತ್ತು, ಆದರೂ ಬಿಡಿಸಿದೆ. ಅಮ್ಮ ಒಂದೊಂದಕ್ಕೂ ಪರವಾಗಿಲ್ವೇ, ಪರವಾಗಿಲ್ವೇ ಎನ್ನುತ್ತಿದ್ದಳು. ನನಗೆ ಉತ್ಸಾಹ ಏರುತ್ತಾ ಹೋಯಿತು. ಹದಿನೇಳು ವಾಕ್ಯ ಕೇಳಿದಳು; ನನ್ನ ಗ್ರಹಚಾರ, ಹದಿನೇಳೂ ಸರಿಯಾದವು. ಒಂದೇ ಒಂದು ತಪ್ಪು ಹೇಳಿದ್ದರೆ ಒಂದು ಕೆಲಸ ಕಡಿಮೆಯಾಗುತ್ತಿತ್ತು ಎಂದು ಆಗ ಹೊಳೆಯಲೇ ಇಲ್ಲ.

ಹದಿನೆಂಟನೆಯದನ್ನು ಅವಳು ಸ್ವಲ್ಪ ಮೆಲ್ಲಗೆ ಹೇಳಿದಳು. ದಿನಕ್ಕೆ ಒಂದೇ ಸಲ ಫೋನ್ ಮಾಡಬೇಕು. ನಾನು ಅದನ್ನೂ ಕನ್ನಡದಲ್ಲಿ ಹೇಳಿದೆ. ಹೇಳಿದ ಮೇಲೆ ಅದರ ಅರ್ಥವಾಯಿತು.

ದಿವ್ಯ ಹಾಳೆಯನ್ನು ನನ್ನ ಕಡೆ ತಿರುಗಿಸಿದಳು. ತಪ್ಪು ಸರಿಯ ಗುರುತು ಯಾವುದೂ ಇರಲಿಲ್ಲ. ನನ್ನದೇ ಮಾತು, ನನ್ನದೇ ಕನ್ನಡ, ಒಂದರಿಂದ ಹದಿನೆಂಟರವರೆಗೆ. ಮೇಲೆ ಜನವರಿ ಒಂಬತ್ತರಿಂದ ಏಪ್ರಿಲ್ ಒಂಬತ್ತರವರೆಗೆ ಎಂದು ಬರೆದಿತ್ತು. ನೀವೇ ಬಾಯಿಬಿಟ್ಟು ಹೇಳಿದ್ದು, ಅತ್ತೆ ಸಾಕ್ಷಿ, ಕೆಳಗೆ ರುಜು ಹಾಕಿ ಎಂದಳು. ಅಮ್ಮ ಹೌದು ಎಂಬಂತೆ ಗೋಡೆಗೆ ಒರಗಿ ಕಾಲು ನೀಡಿದಳು.

ಹದಿನೇಳಕ್ಕೂ ನಾನು ತಕರಾರು ಮಾಡಲಿಲ್ಲ. ಹದಿನೆಂಟನೆಯದರಲ್ಲಿ ಮಾತ್ರ ಒಂದು ಸಲ ಎನ್ನುವುದನ್ನು ಎರಡು ಸಲ ಎಂದು ಮಾಡಿಸಬೇಕೆಂಬ ಆಸೆಯಾಯಿತು. ಜಪಾನಿಯಲ್ಲಿ ಕೇಳಿ, ಕೊಡ್ತೀನಿ ಎಂದಳು ದಿವ್ಯ. ಕಣ್ಣಲ್ಲಿ ನಗುವಿತ್ತು, ನೀರೂ ಇತ್ತು. ನಾನು ಬಾಯಿ ತೆರೆದೆ. ಎರಡು ಎನ್ನುವುದಕ್ಕೆ ಏನೆನ್ನುತ್ತಾರೆಂದು ಕೇಳಿದರೆ ತಿಳಿಯುತ್ತದೆ, ಹೇಳಲು ಹೋದರೆ ನಾಲಿಗೆಗೆ ಬರುವುದಿಲ್ಲ. ಹುಡುಕಿದೆ, ತಡಕಿದೆ, ಒಂದು ಅಕ್ಷರವೂ ಹೊರಡಲಿಲ್ಲ.

ಹಾಳೆಯ ಹನ್ನೊಂದನೆಯ ಸಾಲಿನಲ್ಲಿ 'ಉಪ್ಪಿನಕಾಯಿ'ಗೆ ಒತ್ತಕ್ಷರ ಬಿಟ್ಟುಹೋಗಿತ್ತು. ಅದನ್ನು ತಿದ್ದಿ, ಕೆಳಗೆ ರುಜು ಹಾಕಿದೆ.